ಪೇಶಕಾರರ ಜೋಡಿ ಕುರ್ಚಿ

ನಿಜಾಮರ ಕಾಲದ ಲಿಂಗಸುಗೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ತಹಸೀಲ್ ಕಚೇರಿಯ ಪೇಶಕಾರರು. ಜನ ದಾನ ಕೊಟ್ಟ ಮೇಜು, ಕುರ್ಚಿ, ಮಂಚಗಳನ್ನು ಬಡರೋಗಿಗಳ ಔಷಧಕ್ಕಾಗಿ ಮಾರುವ ದೊಡ್ಡ ಗೋದಾಮೊಂದು ಊರಲ್ಲಿತ್ತು. ಶುಕ್ರವಾರದ ರಜೆ ಬಂತೆಂದರೆ ಪೇಶಕಾರರು ಅಲ್ಲಿ ಹಾಜರು. ಕಂಡದ್ದನ್ನೆಲ್ಲ ಬೆರಳಿನಿಂದ ಬಡಿದು, ಮೂಗು ಮುರಿದು, "ಬೇಕಾರ್ ಮಾಲ್", ಕೆಲಸಕ್ಕೆ ಬಾರದ ಸರಕು, ಎನ್ನುತ್ತಿದ್ದರು. ಹಾಗೆಂದರೆ ಕೊಳ್ಳುವುದು ಖಂಡಿತ. ಮನೆಯೆಲ್ಲ ಆ ಸಾಮಾನಿನಿಂದಲೇ ತುಂಬಿ, ಅವರ ಹೆಂಡತಿಗೆ ರೊಟ್ಟಿ ಬಡಿಯಲೂ ಜಾಗ ಉಳಿದಿರಲಿಲ್ಲ.

ಒಮ್ಮೆ ಅವರು ಮಸ್ಕಿಗೆ ಹೋದಾಗ ಆಕೆ ಅಲ್ಲಿಂದಲೇ ಕೊಂಡು ತಂದಿದ್ದ ಒಂದು ಕೈಕುರ್ಚಿಯನ್ನು ಗುಟ್ಟಾಗಿ ಗೋದಾಮಿಗೆ ಕೊಟ್ಟುಬಿಟ್ಟರು. ಆ ರಾಶಿಯಲ್ಲಿ ಒಂದು ಕಡಿಮೆಯಾದದ್ದು ಪೇಶಕಾರರಿಗೆ ತಿಳಿಯಲೇ ಇಲ್ಲ.

ಮುಂದಿನ ಶುಕ್ರವಾರ ನಾನೂ ಜೊತೆಗಿದ್ದೆ. ಪೇಶಕಾರರು ಅದೇ ಕುರ್ಚಿಯನ್ನು ಬಡಿದು ನೋಡಿ, "ಬೇಕಾರ್ ಮಾಲ್! ಕಾಲು ಸೊಟ್ಟ ಅದಾವ. ಯಾವ ಮೂರ್ಖ ಇದನ್ನ ತಗೊಂಡಿದ್ನೋ!" ಎಂದರು. ಗಟ್ಟಿ ಚೌಕಾಸಿ ಮಾಡಿ, ತಲೆಯ ಮೇಲೆ ಹೊತ್ತು ತಂದರು.

"ನಮ್ಮ ಕುರ್ಚಿಗೆ ಜೋಡಿ ಸಿಕ್ಕೈತಿ, ನೋಡ ಬಾ!" ಎಂದು ಹೆಂಡತಿಯನ್ನು ಕೂಗಿ, ಮೊದಲಿನದಕ್ಕಾಗಿ ಮನೆಯೆಲ್ಲ ತಡಕಾಡಿದರು.

ಆಕೆ ಬಾಯಿಗೆ ಸೆರಗು ಒತ್ತಿಕೊಂಡು, "ಇದ ಅದು ರೀ. ನಾನ ದಾನ ಕೊಟ್ಟಿದ್ದೆ" ಎಂದರು.

ಪೇಶಕಾರರು ಅದೇ ಕುರ್ಚಿಯಲ್ಲಿ ಕುಸಿದು ಕುಳಿತರು. ಸ್ವಲ್ಪ ಹೊತ್ತಿಗೆ ಮುಖ ಅರಳಿತು.

"ಹೋಗ್ಲಿ ಬಿಡು, ಹಿಂದಿನ ಸಲಕ್ಕಿಂತ ಸಸ್ತಾ ಸಿಕ್ಕೈತಿ."