ನಾಲ್ಕು ಮೂಲೆಯ ತುಕ್ಕು

ಅದು ಸ್ವಿಮ್ಮಿಂಗ್ ಪೂಲ್ ಎಂದು ನಂಬಿದ್ದವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ. ಮನೆಯವರಿಗೆಲ್ಲ ಅದು ತೊಟ್ಟಿ. ಬಾವಿಯ ಪಂಪ್‌ಸೆಟ್ಟಿನ ನೀರು ಬಂದು ಬೀಳುವ, ಅಲ್ಲಿಂದ ಕಾಲುವೆ ಹಿಡಿದು ತೆಂಗಿನ ಬುಡಗಳಿಗೆ ಹೋಗುವ ತೊಟ್ಟಿ. ಉದ್ದ ಇಪ್ಪತ್ತು ಅಡಿ, ಅಗಲ ಹತ್ತು, ನೀರು ನನ್ನ ಎದೆಮಟ್ಟ. ತಿಪಟೂರಿಗೂ ತುರುವೇಕೆರೆಗೂ ನಡುವಿನ ಆ ತೋಟದ ಮನೆಗೆ ನಾನು ಮದುವೆಯಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ, ಎರಡು ಟ್ರಂಕು, ಒಂದು ಟೆನ್ನಿಸ್ ರಾಕೆಟ್ಟು ಮತ್ತು ಬೇಕಾದ್ದಕ್ಕಿಂತ ಹೆಚ್ಚು ಇಂಗ್ಲಿಷಿನೊಂದಿಗೆ. ಟೆನ್ನಿಸ್ ಆಡಲು ಜೊತೆ ಸಿಗಲಿಲ್ಲ. ಈಜಲು ಜೊತೆ ಬೇಕಿಲ್ಲವಲ್ಲ.

ಎರಡನೆಯ ಬೇಸಿಗೆಯಲ್ಲಿ ತೊಟ್ಟಿ ಸೋರತೊಡಗಿ, ಒಳಗೆಲ್ಲ ಹೊಸದಾಗಿ ಗಾರೆ ಮಾಡಿಸಬೇಕಾಯಿತು. ನಾನು ಗಂಡನ ಬೆನ್ನು ಬಿದ್ದು ಮೇಲೊಂದು ಪದರ ವೈಟ್ ಸಿಮೆಂಟ್ ಹಾಕಿಸಿದೆ. ಬಿಳಿ ಪಂಚೆಗೆ ಹಾಕುವ ನೀಲಿಯನ್ನು ಅದಕ್ಕೆ ಕಲಸಿಸಿದೆ. ನೀರು ತುಂಬಿದ ದಿನವೇ ಕಾನ್ವೆಂಟಿನ ಗೆಳತಿಗೆ ಪತ್ರ ಬರೆದೆ: ‘ನಾವೊಂದು ಸಣ್ಣ ಪೂಲ್ ಮಾಡಿಸಿದ್ದೇವೆ.’ ನಾನು ಗಂಡನ ಹಳೆಯ ಪೈಜಾಮ ತೊಟ್ಟು ಈಜುತ್ತೇನೆ, ಐದು ಸ್ಟ್ರೋಕ್ ಹಾಕುವಷ್ಟರಲ್ಲಿ ಗೋಡೆ ತಲೆಗೆ ಬಡಿಯುತ್ತದೆ, ಆಚೆ ಬದಿಯಲ್ಲಿ ಎಮ್ಮೆ ನೀರು ಕುಡಿಯುತ್ತಿರುತ್ತದೆ ಎಂಬುದನ್ನೆಲ್ಲ ಬರೆಯಲಿಲ್ಲ. ಬರೆಯುವುದಾದರೂ ಹೇಗೆ? ಶಾಲೆಯಲ್ಲಿ ಫಸ್ಟ್ ಪ್ರೈಜ್ ಯಾವಾಗಲೂ ಅವಳದು, ಸೆಕೆಂಡ್ ನನ್ನದು. ಹಳ್ಳಿಗೆ ಮದುವೆಯಾಗುತ್ತಿದ್ದೇನೆ ಎಂದಾಗ ನನ್ನ ಕೆನ್ನೆ ಸವರಿ ‘ಯೂ ಪುವರ್ ಥಿಂಗ್’ ಎಂದಿದ್ದಳು. ಆ ಮಾತನ್ನು ಅವಳ ಬಾಯಿಂದಲೇ ವಾಪಸ್ ತೆಗೆಸಬೇಕೆಂಬುದು ನನ್ನ ಬದುಕಿನ ಆಗಿನ ಧ್ಯೇಯ.

ಮುಂದಿನ ಬೇಸಿಗೆಗೆ ಅವಳ ಉತ್ತರ ಬಂತು. ಎರಡು ವಾರ ಬಿಟ್ಟು ಭಾನುವಾರ ತಿಪಟೂರಿಗೆ ರೈಲಿನಲ್ಲಿ ಬರುತ್ತೇನೆ, ಕಾಸ್ಟ್ಯೂಮ್ ತರುತ್ತೇನೆ.

ಆ ಪತ್ರ ಹಿಡಿದೇ ತೊಟ್ಟಿಗೆ ಓಡಿದೆ. ನೀಲಿ ಗೋಡೆಯ ಮೇಲೆ ಕಂದು ಕಲೆಗಳು. ಮೊದಲೂ ಇದ್ದವೇನೋ. ಅವಳ ಕಣ್ಣಿನಿಂದ ನೋಡಿದಾಗ ಮಾತ್ರ ಕಂಡವು. ನಾಲ್ಕು ಮೂಲೆಯಲ್ಲಿ ನಾಲ್ಕು, ಇಳಿಯುವ ಮೆಟ್ಟಿಲ ಪಕ್ಕ ಒಂದು. ಎಲ್ಲ ಒಂದೇ ಎತ್ತರದಲ್ಲಿ, ಒಂದೇ ಗಾತ್ರ. ಶಾಲೆಯಲ್ಲಿ ಸೈನ್ಸಿಗೂ ನನಗೆ ಸೆಕೆಂಡ್ ಪ್ರೈಜ್ ಬಂದಿತ್ತು. ಆದರೂ ಕಲೆಗಳು ಇಷ್ಟು ಲೆಕ್ಕಾಚಾರವಾಗಿ ಏಕೆ ಕೂತಿವೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಮೊದಲ ಆರೋಪಿ, ಕಾಯಿ ಸುಲಿಯುವವನು. ಅವನು ಗೂಟ ನೆಟ್ಟುಕೊಂಡು ಸುಲಿಯುತ್ತಿದ್ದುದು ತೊಟ್ಟಿಯ ಪಕ್ಕದಲ್ಲೇ. ಮಟ್ಟೆ ನೆನೆದ ನೀರು ಟೀ ಬಣ್ಣ ಎಂದು ಯಾರಿಗೆ ಗೊತ್ತಿಲ್ಲ? ನೀನೇ ಮಟ್ಟೆ ಹಾಕಿ ಪೂಲ್ ಕೆಡಿಸಿದೆ ಎಂದು ದಬಾಯಿಸಿದೆ. ಅವನು ಬಾಯಿ ತೆರೆಯುವ ಮೊದಲೇ ತೀರ್ಪು ಕೊಟ್ಟು, ತಿಪಟೂರಿನಿಂದ ಬ್ಲೀಚಿಂಗ್ ಪೌಡರ್ ತರಿಸಿ, ಕಲೆಗಳಿಗೆ ಮೆತ್ತಿಸಿ, ಮಿಕ್ಕಿದ್ದನ್ನು ನೀರಿಗೆ ಸುರಿದೆ.

ಮರುದಿನ ಬೆಳಿಗ್ಗೆ ಅಂಗೈಯಗಲದ ಕಲೆಗಳು ಊಟದ ತಟ್ಟೆಯಗಲ ಆಗಿದ್ದವು. ಹಳದಿಗಂದು ಹೋಗಿ ಕಾಫಿ ಡಿಕಾಕ್ಷನ್ ಬಣ್ಣ ಬಂದಿತ್ತು. ಎಮ್ಮೆ ಮೂಸಿ ನೋಡಿ ಹಿಂದೆ ಸರಿಯಿತು.

ನನ್ನ ಗಂಡ ಬಂದು ನೋಡಿದರು. ‘ಬಣ್ಣ ಚೆನ್ನಾಗಿ ಹಿಡ್ದೈತೆ ಕಣೇ. ಇನ್ನೊಂದ್ ಕೋಟ್ ಹೊಡೀತೀಯಾ?’

ಸುಲಿಯುವವನು ಆಗ ಕೆಲಸ ನಿಲ್ಲಿಸಿ ನಮ್ಮ ಹತ್ತಿರ ಬಂದ. ಉಟ್ಟ ಪಂಚೆಯ ಅಂಚು ಹಿಡಿದು ತೋರಿಸಿದ. ಬಿಳಿ ಎಂಬುದು ಅದರಲ್ಲಿ ಹುಡುಕಿದರೂ ಇರಲಿಲ್ಲ.

‘ಅಮ್ಮಾವ್ರೆ, ತೆಂಗಿನ ಕರೆ ಅಂದ್ರೆ ಇದು. ನಮ್ಮನೆಯೋಳು ಒಗ್ದು ಒಗ್ದು ಸುಸ್ತಾದ್ಲು, ಹೋಗಿಲ್ಲ. ಒಂದ್ ನಿಂಬೆಹಣ್ ಕುಯ್ದು ಗೋಡೆಗೆ ತಿಕ್ಕಿ ನೋಡಿ. ಹೋದ್ರೆ ಕಬ್ಬಿಣದ್ದು. ಹೋಗ್ದಿದ್ರೆ ನಂದು.’

ಇಷ್ಟು ಸರಳವಾದ ಎಕ್ಸ್‌ಪೆರಿಮೆಂಟ್ ನಮ್ಮ ಕೆಮಿಸ್ಟ್ರಿ ಸಿಸ್ಟರ್ ಕೂಡ ಮಾಡಿಸಿರಲಿಲ್ಲ. ನೀರು ಇಳಿಸಿ, ಅರ್ಧ ನಿಂಬೆಹಣ್ಣು ಒತ್ತಿ ಹಿಡಿದೆ. ಸಿಮೆಂಟಿನ ಮೇಲೆ ಸಣ್ಣಗೆ ನೊರೆ ಎದ್ದಿತು. ಒರೆಸಿದರೆ, ಹಣ್ಣಿನಗಲದ ನೀಲಿ. ಅವನ ಮುಖ ನೋಡದೆ ‘ಸಾರಿ’ ಎಂದೆ.

‘ಅದೆಲ್ಲ ಯಾಕ್ ಬುಡಿ. ಕಾಫಿ ಕೊಡ್ಸಿ’ ಎಂದ.

ಸಂತೆಯಿಂದ ಒಂದು ಕುಕ್ಕೆ ನಿಂಬೆಹಣ್ಣು ಬಂತು. ಇಡೀ ದಿನ ತಿಕ್ಕಿದೆ. ಬೆರಳ ಸಂದು ಉರಿಯಿತು, ಗೋಡೆ ಮರಳು ಕಾಗದದಂತಾಯಿತು, ಆದರೆ ಕಲೆ ಹೋಯಿತು. ನೀರು ತುಂಬಿಸಿದೆ. ನಾಲ್ಕನೆಯ ದಿನ ನೋಡಿದರೆ, ಅದೇ ಐದು ಜಾಗದಲ್ಲಿ ಅದೇ ತುಕ್ಕು. ಭಾನುವಾರಕ್ಕೆ ಮೂರೇ ದಿನ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

‘ತಿಕ್ಕಿದ್ರೆ ಎಲ್ ಹೋಗುತ್ತೆ? ಬೇರು ಒಳಗೈತೆ’ ಎಂದು ಗಂಡ ಮತ್ತೆ ನೀರು ಇಳಿಸಿ, ಉಳಿ ಸುತ್ತಿಗೆ ತಂದು ಒಂದು ಮೂಲೆಯಲ್ಲಿ ಕೆತ್ತಿದರು. ನಾಲ್ಕೇ ಏಟಿಗೆ ಗಾರೆಯೊಳಗಿಂದ ಬಾಗಿದ ಕಬ್ಬಿಣದ ಚೂರೊಂದು ಕಳಚಿ ಬಿತ್ತು. ಎತ್ತಿನ ಹಳೆಯ ಲಾಳ, ಮೊಳೆ ಹೊಡೆಯುವ ತೂತುಗಳ ಸಮೇತ.

ನಾವಿಬ್ಬರೂ ಅದನ್ನು ತಿರುಗಿಸಿ ನೋಡುತ್ತಿರುವಾಗ ಹಿಂದಿನಿಂದ ನಮ್ಮತ್ತೆಯ ದನಿ ಬಂತು.

‘ನಾನೇ ಇಡ್ಸಿದ್ದು ಕಣವ್ವ. ಹಸಿ ಗಾರೇಲಿ.’

‘ಯಾಕೆ ಅತ್ತೆ?’

‘ನಡುಮಧ್ಯಾಹ್ನ ಕೂದ್ಲು ಬಿಟ್ಕೊಂಡು ಒಬ್ಳೇ ನೀರಲ್ಲಿ ತೇಲ್ತೀಯ. ತೋಟದ ಗಾಳಿ ಸೋಕಿದ್ರೆ ಏನ್ ಗತಿ? ಕಬ್ಬಿಣ ಇದ್ರೆ ಹತ್ರ ಸುಳಿಯಕ್ಕಿಲ್ಲ.’

‘ನನಗೆ ಒಂದು ಮಾತು ಹೇಳಬಹುದಿತ್ತಲ್ಲ.’

‘ಹೇಳಿದ್ರೆ ನೀನು ಇಂಗ್ಲಿಷ್‌ನಲ್ಲಿ ನಗ್ತಿದ್ದೆ.’

ಅದು ನಿಜ. ನಗುತ್ತಿದ್ದೆ. ವರ್ಷವಿಡೀ ನಾನು ಸ್ವಿಮ್ಮಿಂಗ್ ಎಂದು ಕೈಕಾಲು ಬಡಿಯುತ್ತಿದ್ದಾಗ, ಬೇಡ ಎನ್ನದೆ ಸುಮ್ಮನೆ ಐದು ಲಾಳದ ಕಾವಲು ಇಟ್ಟವರ ಮುಂದೆ ಆವತ್ತು ಮಾತ್ರ ನಗು ಬರಲಿಲ್ಲ. ಕೈಯಲ್ಲಿದ್ದ ಲಾಳವನ್ನು ಏನು ಮಾಡುವುದೆಂದೂ ತಿಳಿಯಲಿಲ್ಲ.

ಅವರೇ ಹೇಳಿದರು: ‘ತೆಗ್ಸು. ನಿನ್ ಸ್ನೇಹಿತೆ ಬತ್ತಾಳಲ್ಲ. ಆದ್ರೆ ನೀನು ನೀರಿಗಿಳಿಯೋವಾಗ ನಾನು ಇಲ್ಲೇ ಕೂತ್ಕತೀನಿ. ಕಬ್ಬಿಣ ನನ್ ಕೈಲಿರುತ್ತೆ.’

ಐದೂ ಲಾಳ ತೆಗೆಸಿ, ಹಳ್ಳಕ್ಕೆ ಗಾರೆ ತುಂಬಿ, ಮೇಲೆ ನೀಲಿ ಸಿಮೆಂಟ್ ಬಳಿಸಿದೆ. ಅವಸರದಲ್ಲಿ ನೀಲಿ ಹೆಚ್ಚಾಯಿತು. ತಿಳಿನೀಲಿ ಗೋಡೆಯ ಮೇಲೆ ಐದು ಕಡುನೀಲಿ ತೇಪೆ. ಗೆಳತಿ ಕೇಳಿದರೆ ‘ಡಿಸೈನ್’ ಎನ್ನಲು ಸಿದ್ಧಳಾದೆ.

ಭಾನುವಾರ ಅವಳು ಬಂದಳು. ತೇಪೆಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಅವಳು ನೋಡಿದ್ದು ಕಟ್ಟೆಯ ಮೇಲೆ, ಎಲೆ ಅಡಿಕೆ ಚೀಲದಿಂದ ತೆಗೆದ ಅಡಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ ನಮ್ಮತ್ತೆಯನ್ನು. ಯಾರು, ಏಕೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಲಾಳದ ಕತೆಯನ್ನು, ಪೈಜಾಮ, ಎಮ್ಮೆ, ಬ್ಲೀಚಿಂಗ್ ಪೌಡರಿನ ಸಮೇತ ಎಲ್ಲ ಹೇಳಿಬಿಟ್ಟೆ. ಡಿಸೈನ್ ಎನ್ನುವುದು ಮರೆತೇಹೋಯಿತು. ಅವಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕಟ್ಟೆಯ ಮೇಲಿನ ಅತ್ತೆಯನ್ನು ಇನ್ನೊಮ್ಮೆ ನೋಡಿದಳು.

‘ನಾನಿನ್ನೂ ಹಾಸ್ಟೆಲಿನಲ್ಲಿ ಒಬ್ಬಳೇ ಇರೋದು ಕಣೇ. ಮುಳುಗಿದರೆ ವಾರ್ಡನ್‌ಗೆ ಗೊತ್ತಾಗೋದು ಅಟೆಂಡೆನ್ಸ್ ತಗೊಳ್ಳೋ ದಿನವೇ’ ಎಂದಳು. ಪುವರ್ ಥಿಂಗ್ ಎನ್ನಲಿಲ್ಲ. ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಬಟ್ಟೆ ಬದಲಿಸಿ ಅವಳು ಕಾಸ್ಟ್ಯೂಮಿನಲ್ಲಿ ಪಂಪ್‌ಹೌಸಿನಿಂದ ಹೊರಬಂದಾಗ ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಮಡಿಲಿನ ಅಡಕತ್ತರಿಯನ್ನೂ ನೋಡಿಕೊಂಡರು.

‘ಈ ಮಗೀಗೆ ಇದು ಸಾಲಕ್ಕಿಲ್ಲ ಕಣವ್ವ’ ಎಂದರು ನನಗೆ. ‘ಒಳಗೋಗಿ ಕುಡುಗೋಲು ತತ್ತಾ.’