ಒಪ್ಪಾ ಅಂದದ್ದೋ, ಅಪ್ಪಾ ಅಂದದ್ದೋ

ಆ ಮಧ್ಯಾಹ್ನ ಹೊರಗೆ ಹಿಮ ಬೀಳುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಹೆಂಡತಿಯನ್ನು ಕೇಳಿದರೆ, ಹಿಮ ಎಲ್ಲಿಂದ ಬಂತು, ತಾನು ಹತ್ತಿರದ ಕ್ಯಾಂಟನ್ ಊರಿನ ಅಂಗಡಿಗೆ ಹೊರಟಾಗ ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು ಎನ್ನುತ್ತಾಳೆ. ಮಿಷಿಗನ್ನಿನ ಏಪ್ರಿಲ್ ಆಗಿದ್ದರೆ ಎರಡೂ ನಿಜವಿರಬಹುದು. ಏಪ್ರಿಲ್ ಹೌದೋ ಅಲ್ಲವೋ, ಅದೂ ಗೊತ್ತಿಲ್ಲ. ಹಿಮ ಹೋಗಲಿ. ನನ್ನನ್ನು ಕಾಡುತ್ತಿರುವುದು ಒಂದೇ ಮಾತು. ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯ ಬೇಸ್‌ಮೆಂಟಿನಿಂದ ಅಂದು ಯಾರೋ ‘ಅಪ್ಪಾ’ ಎಂದು ಕರೆದರು. ಕರೆದದ್ದು ನನ್ನ ಮಗಳೋ, ಟಿವಿಯೋ?

ಕಾರಿನೊಳಗಿನ ಬೇಡದ ಸದ್ದುಗಳನ್ನು ಪತ್ತೆ ಹಚ್ಚುವುದು ನನ್ನ ಉದ್ಯೋಗ. ಡ್ಯಾಶ್‌ಬೋರ್ಡಿನ ಹಿಂದೆ ಕಿರುಗುಟ್ಟುತ್ತಿರುವುದು ಪ್ಲಾಸ್ಟಿಕ್ಕೋ ಸಡಿಲ ಸ್ಕ್ರೂವೋ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೆ ಅಲ್ಲಿ ಮೈಕು ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಅನುಮಾನ ಬಂದರೆ ಮತ್ತೊಮ್ಮೆ ಕೇಳಬಹುದು. ಮನೆಯಲ್ಲಿ ಆ ಸೌಲಭ್ಯವಿರಲಿಲ್ಲ.

ಮಗಳಿಗೆ ಆಗ ಹದಿನಾರು. ಅವಳೂ ಅವಳ ಅಮ್ಮನೂ ಒಂದು ಕೊರಿಯನ್ ಧಾರಾವಾಹಿಗೆ ಅಂಟಿಕೊಂಡಿದ್ದರು. ಹೈಸ್ಕೂಲ್ ವಯಸ್ಸಿನಲ್ಲೇ ಹೆಸರು ಮಾಡಿದ ಹಾಡುಗಾರ ಹುಡುಗ, ಎದುರಾಳಿ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗಿ. ಇಬ್ಬರಿಗೂ ಪ್ರೀತಿಯಾಗಿದೆ ಎಂಬುದು ಮೊದಲ ಕಂತಿನಲ್ಲೇ ಎಲ್ಲರಿಗೂ ಗೊತ್ತು, ಅವರಿಬ್ಬರನ್ನು ಬಿಟ್ಟು. ಆ ಹುಡುಗಿ ಅವನನ್ನು ‘ಒಪ್ಪಾ’ ಎಂದು ಕರೆಯುತ್ತಾಳೆ. ಕೊರಿಯಾದಲ್ಲಿ ಹುಡುಗಿಯರು ಅಣ್ಣನನ್ನು ಕರೆಯುವುದು ಹಾಗೆ. ಮನಸ್ಸಿಗೆ ಹಿಡಿದ, ತಮಗಿಂತ ದೊಡ್ಡ ಹುಡುಗನನ್ನೂ ಹಾಗೆಯೇ. ಬೇಸ್‌ಮೆಂಟಿನಲ್ಲಿ ಹೊರಟ ‘ಒಪ್ಪಾ’ ಹೀಟರಿನ ಗಾಳಿಕೊಳವೆ ಹಿಡಿದು ಮೇಲೆ ನನ್ನ ಕೋಣೆಗೆ ಬರುವಷ್ಟರಲ್ಲಿ ‘ಅಪ್ಪಾ’ ಆಗಿರುತ್ತಿತ್ತು. ನಾನು ಲ್ಯಾಪ್‌ಟಾಪ್ ಬಿಟ್ಟು ಎದ್ದು, ಮೆಟ್ಟಿಲ ಮೇಲೆ ನಿಂತು, ಏನು ಪುಟ್ಟಾ ಎನ್ನುತ್ತಿದ್ದೆ.

“ನಿಮ್ಮನ್ನಲ್ಲ ರೀ, ಆ ಹುಡುಗನ್ನ,” ಎಂದು ಹೆಂಡತಿ ಕೆಳಗಿನಿಂದ ಹೇಳುತ್ತಿದ್ದಳು. “ಹೋಗಿ ಕೆಲಸ ನೋಡ್ಕೊಳಿ.”

“ಡ್ಯಾಡ್, ಶಿ ಈಸ್ ನಾಟ್ ಯುವರ್ ಡಾಟರ್,” ಎಂದು ಮಗಳು ಸೇರಿಸುತ್ತಿದ್ದಳು.

ಅಷ್ಟರಲ್ಲೇ ಮುಗಿಯಲಿಲ್ಲ. ಕೊರಿಯನ್ನಿನಲ್ಲಿ ನಿಜವಾದ ಅಪ್ಪನನ್ನೂ ‘ಅಪ್ಪಾ’ ಎಂದೇ ಕರೆಯುತ್ತಾರಂತೆ. ಇದನ್ನು ಹೆಂಡತಿ ಊಟದ ಹೊತ್ತಿನಲ್ಲಿ ಸಂಭ್ರಮದಿಂದ ಹೇಳಿದಳು. ಮಕ್ಕಳ ಬಾಯಿಗೆ ಸುಲಭವಾದ ಶಬ್ದಗಳು ಎಲ್ಲ ಕಡೆ ಒಂದೇ ಥರ ಇರುತ್ತವೆ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದೆ. ಊಟ ತಣ್ಣಗಾಗುತ್ತಿದೆ ಎಂದಳು.

ನಮ್ಮ ಮನೆಯಲ್ಲಿ ಮಾತ್ರ ಆ ಶಬ್ದ ನಿಂತುಹೋಗಿತ್ತು. ಎರಡನೇ ಕ್ಲಾಸಿನವರೆಗೋ ಮೂರನೆಯದರವರೆಗೋ ಮಗಳಿಗೆ ನಾನು ಅಪ್ಪ. ಆಮೇಲೆ ಡ್ಯಾಡ್. ಯಾವತ್ತು ಬದಲಾಯಿತೆಂದು ನಾವ್ಯಾರೂ ಗಮನಿಸಲಿಲ್ಲ, ನಾನು ಕೇಳಲೂ ಇಲ್ಲ. ಪ್ರತಿ ‘ಒಪ್ಪಾ’ಗೂ ನಾನು ಎದ್ದು ಹೋಗುತ್ತಿದ್ದುದು ಅದಕ್ಕೇ ಎಂದು ಈಗ ಅನಿಸುತ್ತದೆ. ಆದರೆ ಈಗ ಅನಿಸುವುದನ್ನು ತೆಗೆದು ಆಗಿನದಕ್ಕೆ ಅಂಟಿಸುವುದು ಸುಲಭ, ಆದ್ದರಿಂದ ಅದನ್ನೂ ಪೂರ್ತಿ ನಂಬುವುದಿಲ್ಲ.

ಆ ದಿನ ಮನೆಯಲ್ಲಿ ನಾನು, ಮಗಳು ಇಬ್ಬರೇ. ಕರೆ ಕೇಳಿಸಿತು. ಟಿವಿಯೇ ಇರಬೇಕು ಎಂದುಕೊಂಡೆ, ಆದರೂ ಇಳಿದು ಹೋದೆ. ಅವಳು ಕಾರ್ಪೆಟ್ಟಿನ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು, ಮುಖ ಒದ್ದೆಯಾಗಿತ್ತು. ಪರದೆಯ ಮೇಲೆ ಚಿತ್ರ ನಿಂತಿತ್ತು: ಧಾರಾಕಾರ ಮಳೆ, ಹೆಗಲ ಮೇಲೆ ಕೀಬೋರ್ಡ್ ಹೊತ್ತು ಹೋಗುತ್ತಿರುವ ಹುಡುಗಿ, ಹಿಂದೆ ಬಾಯಿ ತೆರೆದು ನಿಂತ ಹುಡುಗ.

“ಕರೆದ್ಯಾ?” ಎಂದೆ.

“ನೋ. ಇಟ್ ವಾಸ್ ದ ಶೋ.”

ಕೀಬೋರ್ಡ್ ಹೀಗೆ ನೆನೆದರೆ ಸರ್ಕ್ಯೂಟ್ ಸುಟ್ಟುಹೋಗಲ್ವಾ ಎಂದು ಕೇಳಿದೆ. ಅವಳು ಮೂಗು ಒರೆಸಿಕೊಳ್ಳುತ್ತಲೇ ನಕ್ಕಳು. ಇದು ಖಂಡಿತ ನಡೆದದ್ದು, ಏಕೆಂದರೆ ಆ ಪ್ರಶ್ನೆಯನ್ನು ಅವಳು ಆಮೇಲೆ ಎಷ್ಟೋ ತಿಂಗಳು ಮನೆಗೆ ಬಂದವರ ಮುಂದೆಲ್ಲ ಅಣಕಿಸಿ ತೋರಿಸುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ವಿಷಯ ಹೊರಗೆ ಬಂತು. ಶಾಲೆಯ ಹಾಡುವ ತಂಡಕ್ಕೆ ಅವಳು ಆಯ್ಕೆಯಾಗಿರಲಿಲ್ಲ. ಜೊತೆಯಲ್ಲೇ ಅಭ್ಯಾಸ ಮಾಡಿದ ಗೆಳತಿ ಆಯ್ಕೆಯಾಗಿದ್ದಳು. ನಾನು ಪಕ್ಕದಲ್ಲಿ ಕೂತೆ. ಉಳಿದ ಅರ್ಧ ಕಂತನ್ನು ಇಬ್ಬರೂ ನೋಡಿದೆವು. ನನಗೆ ಕಥೆ ಅರ್ಥವಾಗಲಿಲ್ಲ.

ಮೇಲಿದ್ದಾಗ ಕೇಳಿಸಿದ ಆ ದನಿ ಅವಳದೇ ಆಗಿದ್ದರೆ, ಅಳು ಬಂದಾಗ ಅವಳ ಬಾಯಿಗೆ ಬಂದದ್ದು ಹಳೆಯ ಶಬ್ದ. ಟಿವಿಯದಾಗಿದ್ದರೆ, ಕರೆಯದವಳ ಬಳಿ ನಾನು ಹೋಗಿ ಕೂತೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ನನಗೆ ತೋರುತ್ತದೆ. ಹೆಂಡತಿಗೆ ತೋರುವುದಿಲ್ಲ. “ಹೋದ್ರಲ್ಲ, ಅಷ್ಟು ಸಾಕು,” ಎನ್ನುತ್ತಾಳೆ.

ಈ ವರ್ಷ ಮಗಳು ಓದಲು ಶಿಕಾಗೋಗೆ ಹೋದಳು. ಬಿಟ್ಟು ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇಸ್‌ಮೆಂಟಿಗೆ ಇಳಿಯುವುದು, ಹತ್ತುವುದು, ಕೊಳವೆಯ ಬಾಯಿಗೆ ಕಿವಿ ಕೊಡುವುದು. ಅವತ್ತು ಕರೆದದ್ದು ನೀನೇನಾ ಎಂದು ಒಂದು ಭಾನುವಾರ ಫೋನಿನಲ್ಲಿ ಕೇಳಿಯೇಬಿಟ್ಟೆ. ತಂಡಕ್ಕೆ ಸೇರಿಸಿಕೊಳ್ಳದೆ ಇದ್ದದ್ದು ನೆನಪಿದೆ, ಅವತ್ತು ಅಮ್ಮ ಐಸ್‌ಕ್ರೀಮ್ ಕೊಡಿಸಿದ್ದು ನೆನಪಿದೆ ಎಂದಳು. ನಾನು ಆ ನೆನಪಿನಲ್ಲಿ ಇರಲೇ ಇಲ್ಲ.

“ವೈ ಡಸ್ ಇಟ್ ಮ್ಯಾಟರ್, ಡ್ಯಾಡ್?”

ಸುಮ್ಮನೆ ಕೇಳಿದೆ ಎಂದೆ. ಅಲ್ಲಿ ಎಷ್ಟು ಡಿಗ್ರಿ ಎಂದು ವಿಚಾರಿಸಿದೆ.

ಆಮೇಲೆ ಧಾರಾವಾಹಿಯನ್ನು ಹುಡುಕಿದೆ. ಮಳೆ ಮತ್ತು ಕೀಬೋರ್ಡಿನ ಚಿತ್ರ ನಡುವಿನ ಒಂದು ಕಂತಿನ ಮಧ್ಯದಲ್ಲಿ ಸಿಕ್ಕಿತು. ಆಫೀಸಿನಲ್ಲಿ ಬಳಸುವ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೇಳಿದೆ, ನಂಬಿಕೆಯಾಗದೆ ಮತ್ತೊಮ್ಮೆ ಕೇಳಿದೆ. ಹುಡುಗ ಸುಳ್ಳು ಹೇಳಿದ್ದು ಹಿಂದಿನ ಕಂತಿನಲ್ಲಿ ಬಯಲಾಗಿದೆ. ಅದರ ಸಿಟ್ಟಿಗೆ ಈ ಹುಡುಗಿ ಅವನನ್ನು ಪರಿಚಯವಿಲ್ಲದವರಂತೆ ಪೂರ್ತಿ ಹೆಸರು ಹಿಡಿದು ಮಾತಾಡಿಸುತ್ತಾಳೆ. ಅವಳ ತಂದೆ ಕಥೆಯಲ್ಲೇ ಇಲ್ಲ. ಆ ಕಂತಿನಲ್ಲಿ ಒಪ್ಪಾ ಎಂದಾಗಲೀ ಅಪ್ಪಾ ಎಂದಾಗಲೀ ಯಾರೂ ಯಾರನ್ನೂ ಕರೆಯುವುದಿಲ್ಲ.