ಸೊನ್ನೆ ಎಂದು ಬರೆದ ಮಣ್ಣು

ಕೊರೋನಾ ಬರುವುದಕ್ಕೆ ಒಂದು ವರ್ಷ ಮೊದಲಿನ ಮಾತು. ನಾನು ದುಬೈಯ ಒಂದು ಖಾಸಗಿ ಮಣ್ಣು ಪರೀಕ್ಷಾ ಸಂಸ್ಥೆಯಲ್ಲಿ ಸೀನಿಯರ್ ಸಾಯಿಲ್ ಸರ್ವೇಯರ್ ಆಗಿದ್ದೆ. ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಮನೆಯಿಂದ ಬೆಳಿಗ್ಗೆ ಐದೂವರೆಗೆ ಹೊರಟು ಬಿಸಿಲೇರುವ ಮೊದಲೇ ಸೈಟು ಸೇರುತ್ತಿದ್ದೆ. ಗುಂಡಿ ತೋಡಿಸುವುದು, ಪದರಗಳನ್ನು ಟೇಪು ಹಿಡಿದು ಅಳೆಯುವುದು, ಮಾದರಿ ತೆಗೆದು ಲ್ಯಾಬಿಗೆ ಕಳಿಸುವುದು, ಹದಿನಾಲ್ಕು ವರ್ಷ ನಾನು ಮಾಡಿದ್ದು ಇದನ್ನೇ. ಮರಳುಗಾಡಿನಲ್ಲಿ ನಿನಗೆ ಅದ್ಯಾವ ಮಣ್ಣು ಸಿಗುತ್ತದೆ ಎಂದು ಊರಿನವರು ಗೇಲಿ ಮಾಡುತ್ತಿದ್ದರು. ನನಗೂ ಜಂಬ ಕಡಿಮೆಯಿರಲಿಲ್ಲ. ಇಲ್ಲಿನ ನೆಲವೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ ಎಂದೇ ತಿಳಿದಿದ್ದೆ.

ಜೆಬೆಲ್ ಅಲಿ ದಾಟಿ ಅಬುಧಾಬಿಯ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಒಳಗೆ ಒಂದು ಹಳೆಯ ಖಾಸಗಿ ತೋಟವಿತ್ತು. ಕಡಲಿನ ಮಟ್ಟ ಹಿಂದೆಂದೋ ಎತ್ತರವಿದ್ದಾಗ ಅಲೆಗಳು ಚಿಪ್ಪು, ಜಲ್ಲಿ ತಂದು ಒಟ್ಟಿದ ದಿಬ್ಬ ಅದು. ಈಗ ಕಡಲು ಅರ್ಧ ಕಿಲೋಮೀಟರ್ ಹಿಂದೆ ಸರಿದಿದೆ. ಇಂಥ ದಿಬ್ಬಕ್ಕೆ ನಾವು ಬೀಚ್ ಟೆರೇಸ್ ಎನ್ನುತ್ತೇವೆ. ಅದರ ಮೇಲೆ ಹನ್ನೊಂದು ಕಾಡುಬಾದಾಮಿ ಮರಗಳು ಕೊಂಬೆಗೆ ಕೊಂಬೆ ತಾಗಿಸಿಕೊಂಡು ನಿಂತಿದ್ದವು. ಒಳಗೆ ಕಾಲಿಟ್ಟರೆ ಸಣ್ಣ ಕಾಡು ಹೊಕ್ಕ ಹಾಗೆ ತಂಪಾಗುತ್ತಿತ್ತು. ಆ ಜಾಗದಲ್ಲಿ ರಸ್ತೆ ಬರುವುದಿತ್ತು. ಮರಗಳನ್ನು ಬೇರುಸಹಿತ ಎತ್ತಿ ಖಲೀಫಾ ಸಿಟಿ ಕಡೆಯ ಒಂದು ಹೊಸ ಉದ್ಯಾನದಲ್ಲಿ ನೆಡಬೇಕೆಂದು ನಿರ್ಧಾರವಾಗಿತ್ತು. ಎಷ್ಟು ಆಳ ತೋಡಬೇಕು, ಮರದ ಜೊತೆ ಏನನ್ನು ಒಯ್ಯಬೇಕು ಎಂಬುದನ್ನು ನನ್ನ ವರದಿ ಹೇಳಬೇಕಿತ್ತು.

ತೋಟ ನೋಡಿಕೊಳ್ಳುತ್ತಿದ್ದವರು ಭಟ್ಕಳದ ಹುಸೇನ್ ಭಾಯಿ. ಅವರ ಬಂಧುಗಳೆಲ್ಲ ದುಬೈಯ ದೇರಾ ಪೇಟೆಯಲ್ಲಿ ಬಟ್ಟೆ, ಅತ್ತರಿನ ವ್ಯಾಪಾರ ಮಾಡಿದರೆ ಇವರೊಬ್ಬರು ಇಪ್ಪತ್ತಾರು ವರ್ಷದಿಂದ ಈ ಮರಗಳ ಹಿಂದೆ ಬಿದ್ದಿದ್ದರು. ಗಲ್ಲಾ ಪೆಟ್ಟಿಗೆ ಮುಂದೆ ಕೂತರೆ ನನಗೆ ಸೊಂಟ ನೋವು ಎಂದು ನಗುತ್ತಿದ್ದರು. ನಾನು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಎಂದು ತಿಳಿದ ಗಳಿಗೆಯಿಂದ, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಮ್ಮ ಎಂದೇ ಕರೆದರು. ಮರ ಬದುಕಿದರೆ ಹೊಸ ಉದ್ಯಾನದಲ್ಲಿ ಅವರಿಗೆ ಕೆಲಸ ಮುಂದುವರಿಯುತ್ತದೆ ಎಂದು ಮಾತಾಗಿತ್ತು. ಮರ ಹೋದರೆ ವೀಸಾವೂ ಹೋದಂತೆ.

ನಮ್ಮ ವೃತ್ತಿಯಲ್ಲಿ ಒಂದು ಅಭ್ಯಾಸವಿದೆ. ಗುಂಡಿ ತೋಡುವ ಮೊದಲು ಮೇಲಿನ ತರಗೆಲೆ, ಕಸ ಕೆರೆದು ನೆಲ ಚೊಕ್ಕ ಮಾಡಿ, ಟೇಪಿನ ಸೊನ್ನೆಯನ್ನು ಅಲ್ಲಿಂದ ಹಿಡಿಯುವುದು. ಮರುಭೂಮಿಯಲ್ಲಿ ನೆಲದ ಮೇಲೆ ಬಿದ್ದದ್ದೆಲ್ಲ ಗಾಳಿ ತಂದದ್ದು. ಅದು ಮಣ್ಣಾಗಿರಬಹುದು ಎಂಬ ಅನುಮಾನ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅಂದೂ ಕೆಲಸಗಾರರಿಗೆ ಕೆರೆಯಲು ಹೇಳಿದೆ. ಒಣಗಿದ ಎಲೆ ಹೋಯಿತು, ಅದರಡಿಯ ಕಪ್ಪು ಹುಡಿಯೂ ಹೋಯಿತು. ಬೆಳ್ಳಗೆ ಜಲ್ಲಿ ಕಂಡಿತು. ಹುಸೇನ್ ಭಾಯಿ ನೀರಿನ ಪೈಪು ಕೆಳಗಿಟ್ಟು ಹತ್ತಿರ ಬಂದರು.

“ಬಾಯಮ್ಮ, ಅದು ಕಸ ಅಲ್ಲ, ಮಣ್ಣೇ ಅದು. ನೀವು ಮಣ್ಣು ಬದಿಗೆ ಹಾಕಿ ಕಲ್ಲು ಅಳೀತಾ ಇದ್ದೀರಿ.”

“ಹುಸೇನ್ ಭಾಯಿ, ನಾನು ಮಣ್ಣು ನೋಡ್ಲಿಕ್ಕೆ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು” ಎಂದೆ.

ಅವರು ಪೈಪು ಎತ್ತಿಕೊಂಡು ಮರಗಳ ಕಡೆಗೆ ಹೋದರು. ನಾನು ಫಾರಂ ತುಂಬಿದೆ. ಮಣ್ಣಿನ ಆಳ: ಸೊನ್ನೆ. ಮೇಲ್ಮೈಯಿಂದಲೇ ಜಲ್ಲಿ. ಬೇರು ಆಳದಲ್ಲಿರಬೇಕು, ಆಳವಾಗಿ ತೋಡಿ ಎಂದು ಶಿಫಾರಸು ಮಾಡಿದೆ.

ಮಾರ್ಚಿನಲ್ಲಿ ಮರ ಎತ್ತುವ ಕೆಲಸ ಶುರುವಾಯಿತು. ಎರಡನೆಯ ದಿನ ಆಫೀಸಿನಲ್ಲಿದ್ದಾಗ ಹುಸೇನ್ ಭಾಯಿಯ ಫೋನ್ ಬಂತು. ತೋಡಲು ಅಡ್ಡಿಯಾಗುತ್ತದೆಂದು ಬುಡದ ಎಲೆಮಣ್ಣನ್ನೆಲ್ಲ ಯಂತ್ರದಲ್ಲಿ ಕೆರೆದು ರಾಶಿ ಹಾಕುತ್ತಿದ್ದಾರೆ, ನಿಮ್ಮ ಒಂದು ಮಾತು ಸಾಕು, ಅದನ್ನೂ ಲಾರಿಗೆ ಹಾಕಲು ಹೇಳಿ ಎಂದರು. ಮೀಟಿಂಗಿಗೆ ಹೊತ್ತಾಗಿತ್ತು. ವರದಿಯಲ್ಲಿ ಎಲ್ಲ ಇದೆ, ಅದರಂತೆ ಮಾಡಲಿ ಬಿಡಿ ಎಂದು ಫೋನ್ ಇಟ್ಟೆ. ನನ್ನ ವೃತ್ತಿಜೀವನದಲ್ಲಿ ವಾಪಸು ಬೇಕೆನಿಸುವ ಮಾತು ಅದೊಂದೇ.

ಮೇ ತಿಂಗಳ ಹೊತ್ತಿಗೆ ಹತ್ತು ಮರಗಳು ಎಲೆ ಉದುರಿಸಿ ಒಣಗಿದ್ದವು. ನಾನು ಉದ್ಯಾನಕ್ಕೆ ಹೋಗಿ ಒಂದರ ಬುಡ ಬಿಡಿಸಿ ನೋಡಿದೆ. ಜಲ್ಲಿಯ ನಡುವೆ ತೋಳು ದಪ್ಪದ ಬೇರುಗಳಿದ್ದವು. ಕೂದಲೆಳೆಯಂಥ ಬೇರು ಒಂದೂ ಇರಲಿಲ್ಲ. ಅಲ್ಲಿಂದ ನೇರ ಹಳೆಯ ತೋಟಕ್ಕೆ ಕಾರು ಓಡಿಸಿದೆ.

ಬೇಲಿಯ ಪಕ್ಕ ಯಂತ್ರ ಮುಟ್ಟದ ಒಂದು ತುಣುಕು ನೆಲ ಉಳಿದಿತ್ತು. ಮಂಡಿಯೂರಿ ಕೈಯಿಂದಲೇ ಬಿಡಿಸಿದೆ. ಮೇಲೆ ಒಣ ಎಲೆ, ಅದರಡಿ ಕೊಳೆತ ಎಲೆ, ಅದರಡಿ ಕಾಫಿಪುಡಿಯಂಥ ಕಪ್ಪು ಮಣ್ಣು. ಹದಿನಾಲ್ಕು ಸೆಂಟಿಮೀಟರ್. ಅದರ ತುಂಬ ಒಣಗಿಹೋದ ಸಣ್ಣ ಬೇರುಗಳು ಹೆಣೆದುಕೊಂಡಿದ್ದವು. ಮರಗಳು ಉಂಡದ್ದು, ಕುಡಿದದ್ದು ಎಲ್ಲ ಇಲ್ಲೇ. ಕೆಳಗಿನ ಬೇರುಗಳು ಮರವನ್ನು ನಿಲ್ಲಿಸಲು ಮಾತ್ರ. ಜಲ್ಲಿಯ ಮೇಲೆ ಬರೀ ಎಲೆಯಿಂದಲೇ ಹುಟ್ಟುವ ಇಂಥ ಕಾಡುಮಣ್ಣಿನ ಪಾಠ ಕಾಲೇಜಿನಲ್ಲಿ ಆಗಿತ್ತು. ಮಳೆ ಸುರಿಯುವ ಚಳಿ ದೇಶಗಳಲ್ಲಿ ಮಾತ್ರ ಅದು ಇರುತ್ತದೆಂದು ನಾನೇ ಅಂದುಕೊಂಡಿದ್ದೆ. ಇಲ್ಲಿ ಹುಸೇನ್ ಭಾಯಿಯ ಪೊರಕೆ ಮತ್ತು ನೀರು ಅದನ್ನು ಮಾಡಿತ್ತು. ಇಪ್ಪತ್ತಾರು ವರ್ಷ ಬಿದ್ದ ಒಂದೊಂದು ಎಲೆಯನ್ನೂ ಅವರು ಗುಡಿಸಿ ಬುಡಕ್ಕೇ ಹಾಕಿದ್ದರು. ನನ್ನ ಅಮ್ಮ ಮಲ್ಲಿಗೆ ಗಿಡಕ್ಕೆ ಮಾಡುತ್ತಿದ್ದದ್ದೂ ಅದನ್ನೇ. ನಾನು ಅಲ್ಲೇ ಕುಳಿತು ಅತ್ತೆ.

ತಪ್ಪೊಪ್ಪಿ ತಿದ್ದುಪಡಿ ವರದಿ ಕೊಟ್ಟೆ. ಆಫೀಸಿನವರು ಒಂದು ಎಚ್ಚರಿಕೆ ಪತ್ರ ಕೊಟ್ಟು ಸುಮ್ಮನಾದರು. ಆದರೆ ಹುಸೇನ್ ಭಾಯಿಯ ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ಹಿಂದಿನ ದಿನ ಉದ್ಯಾನದಲ್ಲಿ ಸಿಕ್ಕರು. ಬೈಯಲಿ ಎಂದೇ ಹೋಗಿದ್ದೆ.

“ಬೈದು ಏನು ಮಾಡ್ಲಿ, ಬಾಯಮ್ಮ. ಖಲಾಸ್ ಆಯ್ತು. ಆ ದಿವಸ ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು ನೀವು, ಅಷ್ಟೆ.” ಆಮೇಲೆ ಕೊನೆಯ ಮರದ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದರು. “ಇದ್ರಲ್ಲಿ ಇನ್ನೂ ಹಸಿ ಉಂಟು. ನೋಡ್ಕೊಳ್ತೀರಾ?”

ಹಳೆಯ ತೋಟದ ಬೇಲಿಯ ಪಕ್ಕ ಉಳಿದಿದ್ದ ಕಪ್ಪು ಮಣ್ಣನ್ನು ಅಕ್ಕಿ ಚೀಲಗಳಲ್ಲಿ ತುಂಬಿ, ಕಾರಿನಲ್ಲಿ ಹಾಕಿಕೊಂಡು ಹೋಗಿ ಆ ಮರದ ಬುಡಕ್ಕೆ ಹರಡಿದೆ. ರಜೆಯ ದಿನವೆಲ್ಲ ಅಲ್ಲೇ ಇರುತ್ತಿದ್ದೆ. ಜೂನಿನಲ್ಲಿ ಒಂದು ಕೊಂಬೆ ಚಿಗುರಿದಾಗ ಫೋಟೋ ತೆಗೆದು ಭಟ್ಕಳಕ್ಕೆ ಕಳಿಸಿದೆ. ಆಗಸ್ಟಿನ ಬಿಸಿಲಿಗೆ ಆ ಚಿಗುರೂ ಸುಟ್ಟುಹೋಯಿತು. ಒಂದು ವಾರ ನಾನು ಏನನ್ನೂ ಕಳಿಸಲಿಲ್ಲ. ಅವರೇ ಫೋನ್ ಮಾಡಿದರು.

“ಹೋಯ್ತಾ, ಬಾಯಮ್ಮ?”

“ಹೋಯ್ತು, ಹುಸೇನ್ ಭಾಯಿ.”

ಅವರು ಮೆಲ್ಲಗೆ ಹೇಳಿದರು. “ಬಿದ್ದ ಎಲೆ ಗುಡಿಸಿ ಬುಡಕ್ಕೇ ಹಾಕಿ. ಬಿಸಾಡ್ಬೇಡಿ.”

ಸತ್ತ ಮರಕ್ಕೆ ಅದರಿಂದೇನು ಎಂದು ನಾನು ಕೇಳಲಿಲ್ಲ. ಗುಡಿಸಿ ಹಾಕಿದೆ.

ಈಗ ಹೊಸಬರಿಗೆ ತರಬೇತಿ ಕೊಡುವಾಗ ಟೇಪು ಕೈಗೆ ತೆಗೆದುಕೊಳ್ಳಲು ಬಿಡುವ ಮೊದಲು ಒಂದು ಕೆಲಸ ಮಾಡಿಸುತ್ತೇನೆ. ಆ ನೆಲವನ್ನು ದಿನಾ ಗುಡಿಸುವವರು ಯಾರೆಂದು ಹುಡುಕಿ, ಅವರ ಜೊತೆ ಕೂತು ಮಾತಾಡಿ ಬರಬೇಕು. ಹದಿನಾಲ್ಕು ವರ್ಷ ನೆಲವನ್ನು ಅಳೆದ ನನಗೆ, ಕೇಳಿದ ಮೇಲೆ ಅಳೆಯಬೇಕು ಎಂದು ಕಲಿಸಲು ಹನ್ನೊಂದು ಮರಗಳು ಬೇಕಾದವು. ಹಳೆಯ ಫಾರಂ ಇನ್ನೂ ಫೈಲಿನಲ್ಲಿದೆ, ತಿದ್ದುಪಡಿ ಅದರ ಹಿಂದೆ. ತೆರೆದರೆ ಮೊದಲು ಕಾಣುವುದು ನನ್ನ ಕೈಬರಹದ ಆ ಸೊನ್ನೆಯೇ.